ಕ್ಯಾರವಾನ್‌ಗೆ ಇನ್ಶೂರೆನ್ಸ್: ಆರ್‌ಸಿ ಕೈಯಲ್ಲಿ ಹಿಡಿದು ಶುರು ಮಾಡಿ

ಟೆಂಪೋ ಟ್ರಾವೆಲರ್‌ನ ಸೀಟು ಕಳಚಿ, ಮಂಚ, ಸಿಂಕು, ಫ್ರಿಜ್ಜು ಕೂರಿಸಿ ಕ್ಯಾರವಾನ್ ಮಾಡಿಸುವವರು ಮೊದಲು ಕೇಳುವುದು ಪ್ರೀಮಿಯಂ ಎಷ್ಟಾಗುತ್ತೆ ಅಂತ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಆರ್‌ಸಿಯಲ್ಲಿ ಬರೆದಿರುವುದು, ಪಾಲಿಸಿಯಲ್ಲಿ ಬರೆದಿರುವುದು, ಗಾಡಿಯೊಳಗೆ ನಿಜವಾಗಿ ಇರುವುದು, ಈ ಮೂರೂ ತಾಳೆಯಾಗದಿದ್ದರೆ ಎಂಥ ದುಬಾರಿ ಪಾಲಿಸಿಯೂ ಕ್ಲೇಮ್ ದಿನ ಕೈಕೊಡಬಹುದು.

ಆರ್‌ಸಿಯಲ್ಲಿ ಮೂರು ಸಾಲು ನೋಡಿ: ವೆಹಿಕಲ್ ಕ್ಲಾಸ್, ಬಾಡಿ ಟೈಪ್, ಸೀಟಿಂಗ್ ಕೆಪಾಸಿಟಿ. ಕ್ಯಾಂಪರ್ ವ್ಯಾನ್ ಸ್ವಂತ ಬಳಕೆಗಾದರೆ ನಾನ್-ಟ್ರಾನ್ಸ್‌ಪೋರ್ಟ್, ಬಾಡಿಗೆಗೆ ಓಡಿಸುವುದಾದರೆ ಟ್ರಾನ್ಸ್‌ಪೋರ್ಟ್. ಒಳಗೆ ಎರಡು ಮಂಚ, ಒಂದು ಅಡುಗೆಕಟ್ಟೆ ಇದ್ದು, ಆರ್‌ಸಿಯಲ್ಲಿ ಇನ್ನೂ ‘ಮ್ಯಾಕ್ಸಿ ಕ್ಯಾಬ್, 12+1’ ಅಂತಲೇ ಇದ್ದರೆ ಅದು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದ ಮಾರ್ಪಾಡು. ಕಂಪನಿಗೆ ಕ್ಲೇಮ್ ತಳ್ಳಿಹಾಕಲು ನೀವೇ ಕಾರಣ ಒದಗಿಸಿಕೊಟ್ಟಂತಾಯಿತು. ಆದ್ದರಿಂದ ಮೈಸೂರು ಪಶ್ಚಿಮದ ಕೆಎ-09 ಆಗಲಿ, ಪೂರ್ವದ ಕೆಎ-55 ಆಗಲಿ, ಮಂಡ್ಯದ ಕೆಎ-11 ಆಗಲಿ, ಕೆಲಸಕ್ಕೆ ಕೈಹಾಕುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಮೋಟಾರ್ ಕ್ಯಾರವಾನ್‌ಗೆ ಎಐಎಸ್-124 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಬಾಡಿ ಕಟ್ಟುವವರಿಗೆ ಅದರ ಹೆಸರೇ ಗೊತ್ತಿಲ್ಲದಿದ್ದರೆ ಅವರ ಹತ್ತಿರ ಮಾಡಿಸಬೇಡಿ.

ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡಿದ್ದರೆ ಇನ್ನೊಂದು ತುರ್ತು. ಮಾಲೀಕತ್ವ ಬದಲಾದ 14 ದಿನದೊಳಗೆ ಪಾಲಿಸಿಯನ್ನೂ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಲು ಅರ್ಜಿ ಕೊಡಬೇಕು. ಥರ್ಡ್ ಪಾರ್ಟಿ ಭಾಗ ತಾನಾಗಿಯೇ ನಿಮ್ಮ ಹೆಸರಿಗೆ ಬಂದಂತೆ ಲೆಕ್ಕ. ಗಾಡಿಗಾದ ಸ್ವಂತ ನಷ್ಟದ ಭಾಗ ಹಾಗಲ್ಲ.

ದಸರಾ ಹೊತ್ತಿಗೆ ನೆಂಟರ ಪರಿಚಯದವರು ‘ಹತ್ತು ದಿನಕ್ಕೆ ಕೊಡ್ತೀರಾ, ಬಾಡಿಗೆ ಕೊಡ್ತೀವಿ’ ಅಂತ ಕೇಳುತ್ತಾರೆ. ಪ್ರೈವೇಟ್ ಪಾಲಿಸಿ ಇದ್ದರೆ ಖಂಡಿತ ಕೊಡಬೇಡಿ. ಪಾಲಿಸಿಯ ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ ಅನ್ನುವ ಸಾಲಿನಲ್ಲಿ ಬಾಡಿಗೆಗೆ ಇಲ್ಲ ಅಂತ ಸ್ಪಷ್ಟವಾಗಿ ಬರೆದಿರುತ್ತದೆ. ಬಾಡಿಗೆಯ ಯೋಚನೆ ಇದ್ದರೆ ಮೊದಲಿಂದಲೇ ಹಳದಿ ಬೋರ್ಡು, ಕಮರ್ಷಿಯಲ್ ಪಾಲಿಸಿ. ಕಮರ್ಷಿಯಲ್‌ನಲ್ಲಿ ಐಎಂಟಿ-23 ಹಾಕಿಸಲು ಮರೆಯಬೇಡಿ (ಐಎಂಟಿ ಅಂದರೆ ಪಾಲಿಸಿಗೆ ಸೇರಿಸುವ, ನಂಬರ್ ಹಾಕಿದ ಷರತ್ತು). ಅದಿಲ್ಲದಿದ್ದರೆ ಬಂಪರ್, ಮಡ್‌ಗಾರ್ಡ್, ಹೆಡ್‌ಲ್ಯಾಂಪ್, ಪೇಂಟು ಇವಕ್ಕಷ್ಟೇ ಪೆಟ್ಟಾದಾಗ ಬಿಡಿಗಾಸೂ ಬರುವುದಿಲ್ಲ. ದಿನನಿತ್ಯ ಆಗುವುದು ಈ ಪೆಟ್ಟುಗಳೇ ತಾನೆ.

ಈಗ ಐಡಿವಿ, ಅಂದರೆ ಗಾಡಿಗೆ ಪಾಲಿಸಿಯಲ್ಲಿ ಕಟ್ಟಿದ ಬೆಲೆ. ಹೆಚ್ಚಿನವರು ಎಡವುವುದು ಇಲ್ಲೇ. ಕಂಪನಿ ಐಡಿವಿ ಹಾಕುವುದು ತಯಾರಕರ ಪಟ್ಟಿಯ ಬೆಲೆಯಿಂದ ಸವಕಳಿ ಕಳೆದು: ಆರು ತಿಂಗಳವರೆಗೆ 5%, ವರ್ಷದವರೆಗೆ 15%, ಎರಡು ವರ್ಷದವರೆಗೆ 20%, ಮೂರಕ್ಕೆ 30%, ನಾಲ್ಕಕ್ಕೆ 40%, ಐದಕ್ಕೆ 50%. ಅದಕ್ಕೂ ಹಳೆಯದಾದರೆ ಎರಡೂ ಕಡೆಯವರು ಮಾತಾಡಿ ಒಪ್ಪಿದ ಬೆಲೆ. ಒಂದು ಉದಾಹರಣೆ ಹಾಕಿ ನೋಡೋಣ. ಬೆಲೆ 20 ಲಕ್ಷ, ವಯಸ್ಸು ಮೂರೂವರೆ ವರ್ಷ, ಐಡಿವಿ 12 ಲಕ್ಷ. ಒಳಗಿನ ಕೆಲಸಕ್ಕೆ ನೀವು 6 ಲಕ್ಷ ಸುರಿದಿದ್ದೀರಿ. ಗಾಡಿ ಪೂರ್ತಿ ಸುಟ್ಟರೆ ಸಿಗುವುದು 12ರ ಲೆಕ್ಕದಲ್ಲೇ. ಆ 6 ಲಕ್ಷವನ್ನು ಕಂಪನಿ ಕಂಡೇ ಇಲ್ಲ.

ಕಾಣಿಸಬೇಕಾದರೆ ಬಿಲ್ಲುಗಳನ್ನು ಎರಡು ಕಟ್ಟು ಮಾಡಿ. ಇನ್ವರ್ಟರ್, ಲಿಥಿಯಂ ಬ್ಯಾಟರಿ, ಸೋಲಾರ್, ಫ್ರಿಜ್ಜು, ಎಸಿ ಒಂದು ಕಡೆ. ಮಂಚ, ಕಪಾಟು, ನೀರಿನ ಟ್ಯಾಂಕು, ಮೇಲಾವರಣ ಇನ್ನೊಂದು ಕಡೆ. ಮೊದಲನೆಯದಕ್ಕೆ ಐಎಂಟಿ-24, ಹಳೆಯ ಟ್ಯಾರಿಫ್ (ದರಪಟ್ಟಿ) ಪ್ರಕಾರ ಘೋಷಿಸಿದ ಬೆಲೆಯ 4%, ಅಂದರೆ 2 ಲಕ್ಷದ ಸಾಮಾನಿಗೆ ವರ್ಷಕ್ಕೆ 8,000 ರೂಪಾಯಿ. ಎರಡನೆಯದು ನಾನ್-ಎಲೆಕ್ಟ್ರಿಕಲ್ ಆಕ್ಸೆಸರೀಸ್ ಅಂತ ಪಾಲಿಸಿಯಲ್ಲಿ ಬೇರೆ ಸಾಲಾಗಿ ಬರಬೇಕು. ಏಜೆಂಟ್ ‘ಎಲ್ಲಾ ಸೇರಿದೆ ಸಾರ್’ ಅಂದರೆ ಆ ಸಾಲನ್ನು ಬೆರಳಿಟ್ಟು ತೋರಿಸಲು ಹೇಳಿ. ಪಾತ್ರೆ, ಬಟ್ಟೆ, ಲ್ಯಾಪ್‌ಟಾಪ್ ಮಾತ್ರ ಇದರಲ್ಲಿ ಬರುವುದಿಲ್ಲ.

ಪಾಲಿಸಿ ಇದ್ದೂ ಜಗಳವಾಗುವುದು ಬೆಂಕಿಯ ಕ್ಲೇಮಿನಲ್ಲಿ. 12 ವೋಲ್ಟಿನ ಬ್ಯಾಟರಿಯಿಂದ 2,000 ವ್ಯಾಟ್ ಇನ್ವರ್ಟರ್ ಓಡಿದರೆ ಆ ಕೇಬಲ್ಲಿನಲ್ಲಿ 170 ಆಂಪಿಯರ್‌ಗೂ ಮೇಲೆ ಹರಿಯುತ್ತದೆ. ಸೀಟಿನಡಿಯ ತಗಡಿಗೆ ತೂತು ಕೊರೆದು, ತೂತಿನ ಅಂಚಿಗೆ ಕೂರಿಸುವ ರಬ್ಬರ್ ಬಳೆ, ಅಂದರೆ ಗ್ರಾಮೆಟ್, ಹಾಕದೆ ಕೇಬಲ್ ತೂರಿಸಿರುತ್ತಾರೆ. ಗಾಡಿ ಕುಲುಕಿದಂತೆಲ್ಲ ತಗಡಿನ ಅಂಚು ಮೇಲಿನ ಹೊದಿಕೆಯನ್ನು ಗರಗಸದ ಹಾಗೆ ಕೊಯ್ಯುತ್ತದೆ. ಒಂದು ದಿನ ತಾಮ್ರ ತಗಡಿಗೆ ತಾಗಿದಾಗ, ಬ್ಯಾಟರಿಯ ಪ್ಲಸ್ ಪಕ್ಕದಲ್ಲಿ, ಒಂದು ಗೇಣಿನೊಳಗೆ, ಫ್ಯೂಸ್ ಇಲ್ಲದಿದ್ದರೆ ಕೇಬಲ್ಲೇ ಕೆಂಡವಾಗುತ್ತದೆ. ಬೆಂಕಿಯ ನಷ್ಟ ಪಾಲಿಸಿಯಲ್ಲಿದೆ, ಆದರೆ ಎಲೆಕ್ಟ್ರಿಕಲ್ ಬ್ರೇಕ್‌ಡೌನ್ ಇಲ್ಲ. ಹಾಗಾಗಿ ತಾನಾಗಿ ಕೆಟ್ಟ ಇನ್ವರ್ಟರ್‌ಗೆ ದುಡ್ಡಿಲ್ಲ. ಪ್ಲೈವುಡ್ ಮುಚ್ಚುವ ಮೊದಲೇ ಕೇಬಲ್, ಗ್ರಾಮೆಟ್, ಫ್ಯೂಸ್ ಮೂರರ ಫೋಟೋ ತೆಗೆದು, ವೈರಿಂಗ್ ಬಿಲ್ ಜೊತೆ ಇಟ್ಟುಕೊಳ್ಳಿ. ಗಾಡಿ ಸುಟ್ಟ ಮೇಲೆ ನಷ್ಟ ಅಳೆಯಲು ಬರುವ ಸರ್ವೇಯರ್‌ಗೆ ತೋರಿಸಲು ಅದೇ ಉಳಿಯುವುದು. ಗ್ಯಾಸ್ ಇಟ್ಟಿದ್ದರೆ ನೆಲಮಟ್ಟದಲ್ಲಿ ಗಾಳಿಕಿಂಡಿ ಬೇಕೇ ಬೇಕು. ಎಲ್‌ಪಿಜಿ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ.

ಝೀರೋ ಡೆಪ್, ಅಂದರೆ ಕ್ಲೇಮಿನಲ್ಲಿ ಬಿಡಿಭಾಗಗಳ ಸವಕಳಿ ಕಳೆಯದ ಆ್ಯಡ್-ಆನ್, ಸಿಕ್ಕರೆ ತಗೊಳ್ಳಿ. ಅದಿಲ್ಲದಿದ್ದರೆ ಪ್ಲಾಸ್ಟಿಕ್, ರಬ್ಬರ್, ಟೈರು, ಬ್ಯಾಟರಿಗೆ 50%, ಫೈಬರ್‌ಗ್ಲಾಸ್‌ಗೆ 30% ಕಡಿತ, ಮತ್ತು ಕ್ಯಾರವಾನ್ ತುಂಬ ಇರುವುದು ಇವೇ. ಥರ್ಡ್ ಪಾರ್ಟಿಯಲ್ಲಿ ಸಾವು-ಗಾಯಕ್ಕೆ ಮಿತಿ ಇಲ್ಲ, ಆಸ್ತಿ ನಷ್ಟಕ್ಕೆ 7.5 ಲಕ್ಷದವರೆಗೆ, ಮಾಲೀಕ-ಚಾಲಕರ ಅಪಘಾತ ವಿಮೆ 15 ಲಕ್ಷ. ಎಲ್‌ಎಂವಿ (ಲಘು ವಾಹನ) ಲೈಸೆನ್ಸ್ ಸಾಕೇ ಅನ್ನುವವರಿಗೆ: ಗಾಡಿಯ ಒಟ್ಟು ತೂಕ 7,500 ಕೆಜಿಯೊಳಗಿದ್ದರೆ ಸಾಕು, ಹಳದಿ ಬೋರ್ಡಿಗೂ ಸೇರಿ. ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ಇದನ್ನು ಖಚಿತಪಡಿಸಿದೆ.

ಎಂಜಿನ್ ಪ್ರೊಟೆಕ್ಟ್, ಅಂದರೆ ನೀರು ಸೇರಿ ಎಂಜಿನ್ ಕೆಟ್ಟರೆ ದುಡ್ಡು ಕೊಡುವ ಆ್ಯಡ್-ಆನ್, ನಮ್ಮ ಕಡೆಯವರಿಗೆ ಆಡಂಬರವಲ್ಲ. 2022ರ ಆಗಸ್ಟ್‌ನಲ್ಲಿ ರಾಮನಗರದ ಹತ್ತಿರ ಬೆಂಗಳೂರು-ಮೈಸೂರು ಹೆದ್ದಾರಿಯಲ್ಲೇ ಗಾಡಿಗಳು ಮುಳುಗಿದವು. ಕೆಆರ್‌ಎಸ್‌ನಿಂದ ನೀರು ಬಿಟ್ಟ ದಿನಗಳಲ್ಲಿ ಶ್ರೀರಂಗಪಟ್ಟಣದ ಹೊಳೆದಂಡೆಯಲ್ಲಿ ಗಾಡಿ ಹಾಕಿ ಮಲಗಲೇಬೇಡಿ. ನೀರು ನುಗ್ಗಿದರೆ ಸೆಲ್ಫ್ ಹೊಡೆಯಬೇಡಿ: ಸಿಲಿಂಡರ್‌ಗೆ ಸೇರಿದ ನೀರು ಒತ್ತಿದರೆ ಕುಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ, ಮಾಮೂಲಿ ಪಾಲಿಸಿ ಅದಕ್ಕೆ ಕೊಡುವುದಿಲ್ಲ. ಬ್ಯಾಟರಿ ಟರ್ಮಿನಲ್ ಬಿಚ್ಚಿ, ನೀರಿನ ಮಟ್ಟದ ಫೋಟೋ ತೆಗೆದು, ಕಂಪನಿಗೆ ಫೋನ್ ಮಾಡಿ, ಆಮೇಲೆ ಟೋ.

ಆ ಟೋ ವಿಷಯವನ್ನೂ ಪಾಲಿಸಿ ಕೊಳ್ಳುವಾಗಲೇ ಕೇಳಿಟ್ಟುಕೊಳ್ಳಿ. ಕಾರು ಎತ್ತುವ ಗಾಡಿಗೆ ಮೂರೂವರೆ ಟನ್ನಿನ ವ್ಯಾನ್ ಜಗ್ಗುವುದಿಲ್ಲ. ಬಂಡೀಪುರದ ದಾರಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಮುಚ್ಚಿರುತ್ತದೆ. ಗುಂಡ್ಲುಪೇಟೆಯಾಚೆ ನಿಂತರೆ ಎಷ್ಟು ತೂಕದವರೆಗೆ, ಎಷ್ಟು ಕಿಲೋಮೀಟರ್‌ವರೆಗೆ ಎಳೆದು ತರುತ್ತಾರೆ ಅನ್ನುವುದನ್ನು ಮೇಲ್‌ನಲ್ಲಿ ಬರೆಸಿಕೊಳ್ಳಿ.