ಓರೆ ಬೆಳಕಿನಲ್ಲಿ ಕಂಡ ಧೂಳು

ಹೊಸ ಮೀನುಗಳು ಮನೆಗೆ ಬಂದ ಮೊದಲ ನಾಲ್ಕು ವಾರ ನಾನು ಅವುಗಳ ಪಾಲಿಗೆ ಠಾಣೆಯ ಪೇದೆ ಇದ್ದಂತೆ. ಎಲ್ಲಿ ನಿಂತವು, ಎಷ್ಟು ತಿಂದವು, ಯಾವುದರ ಜೊತೆ ತಿರುಗಿದವು, ಹೊಟ್ಟೆಯಿಂದ ಹೊರಬಿದ್ದದ್ದು ಯಾವ ಬಣ್ಣದ್ದು ಎಂಬುದನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. "ಮೀನುಗಳಿಗೂ ಹಾಜರಿ ಪುಸ್ತಕವೇ ಅಪ್ಪಾ?" ಎಂದು ಮಗಳು ನಗುತ್ತಾಳೆ. ನಗಲಿ. ಆ ಪುಸ್ತಕದ ಒಂದು ಪುಟದಲ್ಲಿ, ಒಂಬತ್ತನೇ ದಿನದ ಎದುರು, ನನ್ನ ಕೈಬರಹ ನನಗೇ ಓದಲಾಗದಷ್ಟು ಅಂಕುಡೊಂಕಾಗಿದೆ.

ಹೊಸ ಮೀನುಗಳನ್ನು ದೊಡ್ಡ ತೊಟ್ಟಿಗೆ ಬಿಡುವ ಮುಂಚೆ ಬೇರೆಯಾಗಿಡುವ ಕ್ವಾರಂಟೈನ್ ತೊಟ್ಟಿ ನೋಡಲು ಚೆಂದವಿರುವುದಿಲ್ಲ. ನನ್ನದು 40 ಲೀಟರಿನ ಗಾಜಿನ ಪೆಟ್ಟಿಗೆ. ಮರಳಿಲ್ಲ, ಗಿಡವಿಲ್ಲ. ಮೀನುಗಳು ಅಡಗಲು ಎರಡು ಪಿವಿಸಿ ಪೈಪಿನ ತುಂಡು, ಒಂದು ಹೀಟರ್, ದೊಡ್ಡ ತೊಟ್ಟಿಯಲ್ಲಿ ತಿಂಗಳುಗಟ್ಟಲೆ ಓಡಿಸಿ, ಹೊಲಸನ್ನು ಕರಗಿಸುವ ಬ್ಯಾಕ್ಟೀರಿಯಾ ಹತ್ತಿಸಿಕೊಂಡ ಒಂದು ಸ್ಪಂಜ್ ಫಿಲ್ಟರ್, ಅಷ್ಟೇ. ತಳ ಬರಿದಾಗಿರುವುದಕ್ಕೆ ಕಾರಣವಿದೆ: ಮರಳಿದ್ದರೆ ಹಿಕ್ಕೆ ಕಾಣುವುದಿಲ್ಲ. ತಿಂದ ಆಹಾರದ ಬಣ್ಣದ, ತುಂಡುತುಂಡಾಗಿ ಬೀಳುವ ಹಿಕ್ಕೆ ಕಂಡರೆ ನೆಮ್ಮದಿ. ಬಿಳಿ ನೂಲಿನಂತೆ ಎಳೆಯೆಳೆಯಾಗಿ ಜೋತಾಡುತ್ತಿದ್ದರೆ ಮೀನು ಸರಿಯಾಗಿ ತಿನ್ನುತ್ತಿಲ್ಲ, ಇಲ್ಲವೇ ಕರುಳಿನಲ್ಲಿ ಯಾರೋ ಬಾಡಿಗೆ ಕೊಡದೆ ಕೂತಿದ್ದಾರೆ ಎಂದರ್ಥ. ಈ ತೊಟ್ಟಿಯ ಬಲೆ, ನಳಿಕೆ, ಬಕೆಟ್ ಎಲ್ಲಕ್ಕೂ ಕೆಂಪು ಟೇಪ್ ಸುತ್ತಿದ್ದೇನೆ. ಕೆಂಪು ಟೇಪಿನದು ದೊಡ್ಡ ತೊಟ್ಟಿಯ ಹತ್ತಿರ ಸುಳಿಯಬಾರದು ಎಂಬುದು ಮನೆಯ ಕಾನೂನು. ಆ ಕಾನೂನನ್ನು ಮುರಿದವನು ಯಾರು ಎಂಬುದು ಮುಂದೆ ಬರುತ್ತದೆ.

ಇಷ್ಟೊಂದು ಮಡಿ ನನಗೆ ಹುಟ್ಟಿನಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ಎರಡು ಗಪ್ಪಿಗಳನ್ನು ತಂದ ದಿನವೇ ದೊಡ್ಡ ತೊಟ್ಟಿಗೆ ಬಿಟ್ಟಿದ್ದೆ. ನಾಲ್ಕನೇ ದಿನ ಒಂದರ ಬಾಲದ ಮೇಲೆ ಉಪ್ಪಿನ ಹರಳಿನಂಥ ಎರಡು ಚುಕ್ಕೆ ಕಂಡವು. ವೈಟ್ ಸ್ಪಾಟ್, ಅಂದರೆ ಇಕ್. ಮಾರನೆಯ ದಿನ ಚುಕ್ಕೆಗಳು ಉದುರಿದವು, ನಾನು ರೋಗ ವಾಸಿಯಾಯಿತೆಂದು ಹಿಗ್ಗಿದೆ. ಆ ಏಕಕೋಶ ಜೀವಿಯ ಕಪಟ ಅಲ್ಲೇ ಇರುವುದು. ಚುಕ್ಕೆಯೊಳಗೆ ಹೊಟ್ಟೆ ತುಂಬಿಸಿಕೊಂಡ ಪರಾವಲಂಬಿ ಮೀನನ್ನು ಬಿಟ್ಟು ತಳಕ್ಕೆ ಇಳಿಯುತ್ತದೆ, ಅಲ್ಲಿ ಕವಚ ಕಟ್ಟಿಕೊಂಡು ಒಂದು ನೂರಾರಾಗಿ ಒಡೆಯುತ್ತದೆ, ಆ ನೂರಾರು ಮರಿಗಳು ಮತ್ತೆ ಮೀನು ಹುಡುಕುತ್ತ ಈಜುತ್ತವೆ. ಮದ್ದು ಮುಟ್ಟುವುದು ಈಜುವ ಆ ಮರಿಗಳನ್ನು ಮಾತ್ರ. ಚರ್ಮದೊಳಗೆ ಇದ್ದಾಗಲೂ ಕವಚದೊಳಗೆ ಇದ್ದಾಗಲೂ ಅದು ಕೈಗೆ ಸಿಗುವುದಿಲ್ಲ. ನಾನು ಮದ್ದು ಶುರುಮಾಡುವ ಹೊತ್ತಿಗೆ ಎರಡನೆಯ ಅಲೆ ಬಂದಾಗಿತ್ತು. ಹದಿನೇಳು ಮೀನುಗಳಲ್ಲಿ ಹನ್ನೊಂದು ಹೋದವು.

ಅಂದಿನಿಂದ ನಾನು ಬಿಸಿ ಹಾಲಿಗೆ ಮೂತಿ ಇಟ್ಟ ಬೆಕ್ಕು. ಬಿಳಿ ಚುಕ್ಕೆ ಎಂದರೆ ಎದೆ ಝಲ್ಲೆನ್ನುತ್ತಿತ್ತು. ಒಮ್ಮೆ ಗೋಲ್ಡ್ ಫಿಶ್ ಒಂದರ ಕಿವಿರಿನ ಮುಚ್ಚಳದ ಮೇಲೆ, ಪಕ್ಕದ ರೆಕ್ಕೆಗಳ ಮುಂಚೂಣಿಯ ಮೇಲೆ, ಸಾಲಾಗಿ ಬಿಳಿ ಚುಕ್ಕೆ ಎದ್ದದ್ದನ್ನು ಕಂಡು ರಾತ್ರೋರಾತ್ರಿ ಮದ್ದು ಸುರಿದಿದ್ದೆ. ಗಂಡು ಗೋಲ್ಡ್ ಫಿಶ್ ಸಂಗಕ್ಕೆ ಸಿದ್ಧವಾದಾಗ ಸರಿಯಾಗಿ ಆ ಎರಡು ಜಾಗಗಳಲ್ಲೇ ಅಂಥ ಗಂಟುಗಳು ಏಳುತ್ತವೆ ಎಂದು ಆಮೇಲೆ ತಿಳಿಯಿತು. ಮದುವಣಿಗನಿಗೆ ಸಿಡುಬಿನ ಚಿಕಿತ್ಸೆ ಮಾಡಿದ್ದೆ. ಪಾಪ, ಅದು ಬದುಕಿಕೊಂಡಿತು.

ಈ ಸಲ ಬಂದದ್ದು ಹನ್ನೆರಡು ನಿಯಾನ್ ಟೆಟ್ರಾಗಳು. ಚೀಲದಿಂದ ತೊಟ್ಟಿಗೆ ಬಂದಾಗ ಎಲ್ಲವೂ ಪೇಲವವಾಗಿದ್ದವು. ಪ್ರಯಾಣ ಮಾಡಿ ಬಂದ ಮೀನಿನ ಬಣ್ಣ ನೋಡಿ ಏನನ್ನೂ ಹೇಳಲಾಗದು, ದೀಪ ಆರಿಸಿ ಒಂದು ದಿನ ಬಿಟ್ಟುಬಿಡಬೇಕು. ಅದರಲ್ಲೂ ನಿಯಾನ್‌ಗಳು ಕತ್ತಲಲ್ಲಿ ಬಣ್ಣ ಕಳಚಿಡುತ್ತವೆ. ಬೆಳಗಿನ ಜಾವ ದೀಪ ಹಾಕಿದರೆ ನೀಲಿ ಗೆರೆ ಬೂದುಬಣ್ಣಕ್ಕೆ ತಿರುಗಿ, ಕೆಂಪು ಮಾಸಿ, ಎಲ್ಲವೂ ರೋಗಿಷ್ಠರಂತೆ ಕಾಣುತ್ತವೆ. ಸ್ವಲ್ಪ ಹೊತ್ತು ಕಾದರೆ ಗೆರೆ ಮತ್ತೆ ಹೊತ್ತಿಕೊಳ್ಳುತ್ತದೆ. ಎಷ್ಟು ಕಾದರೂ ಹೊತ್ತಿಕೊಳ್ಳದೆ, ನಡುವೆ ಬಿಳಿ ತೇಪೆಯಂತೆ ಉಳಿದರೆ ಅದು ಬೇರೆ ಮಾತು. ನಿಯಾನ್ ಟೆಟ್ರಾ ರೋಗ ಎಂದೇ ಹೆಸರಾದ, ಮದ್ದಿಲ್ಲದ ಒಂದು ಕಾಯಿಲೆಯ ಗುರುತು ಅದು. ನನ್ನ ಹನ್ನೆರಡೂ ಎರಡನೇ ದಿನ ಬೆಳಗ್ಗೆ ಸರಿಯಾಗಿಯೇ ಹೊತ್ತಿಕೊಂಡವು.

ಮೀನನ್ನು ನೋಡಬೇಕಾದರೆ ಮೀನಿಗೆ ಕಾಣಬಾರದು. ಗಾಜಿಗೆ ಮುಖವಿಟ್ಟು ನೋಡಿದರೆ ಅರ್ಧ ಮೀನುಗಳು ಹೆದರಿ ಪೈಪಿನೊಳಗೆ ಓಡುತ್ತವೆ, ಉಳಿದರ್ಧ ಊಟ ಬಂತೆಂದು ಕುಣಿಯುತ್ತವೆ. ಎರಡೂ ನಾಟಕವೇ. ನೀರಿನಲ್ಲಿ ಬಲಹೀನನಂತೆ ಕಂಡವನು ಇನ್ನೊಬ್ಬರ ತುತ್ತಾಗುತ್ತಾನೆ, ಹಾಗಾಗಿ ಮೀನು ಕೊನೆಯವರೆಗೂ ತಾನು ಗಟ್ಟಿಮುಟ್ಟು ಎಂದೇ ತೋರಿಸಿಕೊಳ್ಳುತ್ತದೆ. ಅದಕ್ಕೇ ನಾನು ಕೋಣೆಯ ಆಚೆ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಆಹಾರ ಹಾಕುವ ಮುಂಚೆ, ಹತ್ತು ನಿಮಿಷ ಅಲ್ಲಾಡದೆ ಕೂರುತ್ತೇನೆ. ಮೊದಲ ಎರಡು ಮೂರು ನಿಮಿಷ ಏನೂ ಸಿಗುವುದಿಲ್ಲ. ಆಮೇಲೆ ಅವು ನನ್ನನ್ನು ಮರೆಯುತ್ತವೆ.

ನಾಲ್ಕನೇ ದಿನ ಹಾಗೆ ಕೂತಿದ್ದಾಗ ಒಂದು ಮೀನು ಗುಂಪಿನಿಂದ ಒಂದು ಗೇಣು ಹಿಂದೆ ಉಳಿದದ್ದು ಕಂಡಿತು. ಹನ್ನೊಂದು ಎಡಕ್ಕೆ ಹೋದರೆ ಇದೂ ಎಡಕ್ಕೇ ಹೋಗುತ್ತಿತ್ತು, ಆದರೆ ಒಂದು ಕ್ಷಣ ತಡವಾಗಿ, ಮೆರವಣಿಗೆಯಲ್ಲಿ ಚಪ್ಪಲಿ ಕಿತ್ತವನ ಹಾಗೆ. ಬಾಲದ ಮೇಲಿನ ತುದಿಯಲ್ಲಿ ಒಂದು ಕಚ್ಚು ಇದ್ದುದರಿಂದ ಗುರುತು ಸುಲಭವಾಯಿತು. ಕಚ್ಚುಬಾಲ ಎಂದು ಪುಸ್ತಕದಲ್ಲಿ ಬರೆದುಕೊಂಡೆ. ಬೆನ್ನಿನ ರೆಕ್ಕೆಯನ್ನು ಮಡಚಿದ ಕೊಡೆಯಂತೆ ಮೈಗೆ ಒತ್ತಿಕೊಂಡಿತ್ತು. ಊಟಕ್ಕೆ ಬಂತು, ಬಾಯಿಗೆ ತೆಗೆದುಕೊಂಡಿತು, ಉಗುಳಿತು. ಇಲ್ಲಿಯ ತನಕ ಕಂಡದ್ದರಲ್ಲಿ ಯಾವುದೂ ಒಂಟಿಯಾಗಿ ಕಾಯಿಲೆಯಲ್ಲ. ಮೂರೂ ಒಂದೇ ಮೀನಿನಲ್ಲಿ ಕಂಡರೆ ನಾನು ಕೆಳಗೆ ಗೆರೆ ಎಳೆಯುತ್ತೇನೆ.

ಆರನೇ ದಿನ ಅದು ಪೈಪಿಗೆ ಮೈ ಉಜ್ಜಿತು. ಉಜ್ಜುವುದು ಎಂದರೆ ನಿಧಾನದ ಕೆಲಸವಲ್ಲ. ಸರಕ್ಕನೆ ಓರೆಯಾಗಿ ನುಗ್ಗಿ, ಪಕ್ಕೆಯನ್ನು ಪೈಪಿಗೆ ಚಕ್ಕನೆ ತಾಗಿಸಿ, ಏನೂ ಆಗದವರಂತೆ ಮುಂದೆ ಹೋಗುವುದು. ಕಣ್ಣು ಮಿಟುಕಿಸಿದರೆ ತಪ್ಪಿಹೋಗುತ್ತದೆ. ಅರ್ಧ ಗಂಟೆಯಲ್ಲಿ ಐದು ಸಲ. ಮಿಕ್ಕ ಮೀನುಗಳಲ್ಲೂ ಎರಡು ಮೂರು ಒಂದೊಂದು ಸಲ ಉಜ್ಜಿದವು. ಮೊಬೈಲಿನಲ್ಲಿ ವಿಡಿಯೊ ಮಾಡಿ, ನಿಧಾನಗತಿಯಲ್ಲಿ ಓಡಿಸಿ ಕಿವಿರಿನ ಬಡಿತ ಎಣಿಸಿದೆ. ಉಳಿದವುಗಳದು 15 ಸೆಕೆಂಡಿಗೆ 26ರ ಆಸುಪಾಸು, ಕಚ್ಚುಬಾಲದ್ದು 38. ಈ ಸಂಖ್ಯೆಗಳನ್ನು ಬೇರೆಯವರ ಮೀನಿಗೆ ಹೋಲಿಸಿ ಪ್ರಯೋಜನವಿಲ್ಲ. ಜಾತಿ, ಗಾತ್ರ, ನೀರಿನ ಶಾಖಕ್ಕೆ ತಕ್ಕಂತೆ ಉಸಿರು ಬದಲಾಗುತ್ತದೆ. ಒಂದೇ ತೊಟ್ಟಿಯಲ್ಲಿ, ಒಂದೇ ಹೊತ್ತಿನಲ್ಲಿ, ಪಕ್ಕದ ಮೀನಿಗೂ ಇದಕ್ಕೂ ಇರುವ ಅಂತರವೇ ಸುದ್ದಿ.

ನೀರು ಪರೀಕ್ಷಿಸಿದೆ. ಮೀನಿನ ಹೊಲಸಿನಿಂದ, ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ 0.5 ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಅರ್ಧ ಪಾಲು. ಸೊನ್ನೆ ಇರಬೇಕಿತ್ತು. ಸಣ್ಣ ಫಿಲ್ಟರಿನ ಮೇಲೆ ಹನ್ನೆರಡು ಮೀನುಗಳ ಭಾರ ಒಮ್ಮೆಲೇ ಬಿದ್ದಿತ್ತು, ನಾನು ಬೇರೆ ಅತಿಥಿ ಸತ್ಕಾರವೆಂದು ಕೈಬಿಚ್ಚಿ ಆಹಾರ ಹಾಕಿದ್ದೆ. ಅಮೋನಿಯಾ ಕಿವಿರನ್ನು ಸುಡುತ್ತದೆ, ಮೀನು ಉಜ್ಜಿಕೊಳ್ಳುತ್ತದೆ, ಏದುಸಿರು ಬಿಡುತ್ತದೆ. ಎಲ್ಲವೂ ಹೊಂದಿಕೊಂಡಿತು. ಅರ್ಧ ನೀರು ಬದಲಾಯಿಸಿ, ಆಹಾರ ಕಡಿಮೆ ಮಾಡಿ, ಸಮಾಧಾನದ ನಿಟ್ಟುಸಿರು ಬಿಟ್ಟೆ. ಮರುದಿನ ಉಳಿದ ಮೀನುಗಳು ಉಜ್ಜುವುದನ್ನು ನಿಲ್ಲಿಸಿದವು. ಕಚ್ಚುಬಾಲ ನಿಲ್ಲಿಸಲಿಲ್ಲ. ಇನ್ನೆರಡು ದಿನದಲ್ಲಿ ಸರಿಹೋಗುತ್ತದೆ ಎಂದು ಬರೆದಿದ್ದೇನೆ. ಆ ವಾಕ್ಯವನ್ನು ಈಗ ಓದಿದರೆ ಪುಸ್ತಕ ಮುಚ್ಚಿಡೋಣ ಎನ್ನಿಸುತ್ತದೆ.

ಹಾಗೆಂದು ಹುಡುಕದೆ ಬಿಟ್ಟಿರಲಿಲ್ಲ. ಏಳನೇ ದಿನ, ಎಂಟನೇ ದಿನ, ತೊಟ್ಟಿಯ ದೀಪವನ್ನು ಪೂರ್ತಿ ಬೆಳಗಿಸಿ, ಭೂತಗನ್ನಡಿ ಹಿಡಿದು, ಅದರ ಮೈಯನ್ನು ಹುರುಪೆ ಹುರುಪೆಯಾಗಿ ಜಾಲಾಡಿದೆ. ಬಿಳಿ ಚುಕ್ಕೆ ಒಂದೂ ಇರಲಿಲ್ಲ. ಬಾಯಿಯ ಸುತ್ತ ಹತ್ತಿಯಂಥದ್ದೂ ಇಲ್ಲ, ಹುರುಪೆ ನಿಗುರಿಲ್ಲ, ಗುದದ್ವಾರದಲ್ಲಿ ಕೆಂಪು ದಾರದಂಥ ಹುಳುವಿಲ್ಲ. ಉಪ್ಪಿನ ಹರಳನ್ನು ಹುಡುಕಿ ಹುಡುಕಿ, ಅದು ಸಿಗದಿದ್ದಾಗ ಮೀನಿನ ಮೈ ಶುದ್ಧವಾಗಿದೆ ಎಂದು ಷರಾ ಬರೆದೆ. ಹಿಂದಿನ ಸಲ ಕನ್ನ ಹಾಕಿದ ಕಳ್ಳನ ಮುಖಚಹರೆಯನ್ನೇ ಹಿಡಿದುಕೊಂಡು ಓಣಿಯೆಲ್ಲ ತಿರುಗಿ, ಬೇರೆ ಕಳ್ಳನಿಗೆ ನಮಸ್ಕಾರ ಹೇಳಿ ಬಂದಂತೆ.

ಒಂಬತ್ತನೇ ರಾತ್ರಿ ಹನ್ನೊಂದು ದಾಟಿತ್ತು. ಹೀಟರ್ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂಬ ಅನುಮಾನ. ದೊಡ್ಡ ತೊಟ್ಟಿಯ ಅಂಚಿಗೆ ಸಿಕ್ಕಿಸಿದ್ದ ಡಿಜಿಟಲ್ ಥರ್ಮಾಮೀಟರನ್ನು ಕಿತ್ತು ತಂದು ಕ್ವಾರಂಟೈನ್ ತೊಟ್ಟಿಯೊಳಗೆ ಇಳಿಬಿಟ್ಟೆ. ಕೋಣೆಯಲ್ಲಿ ಕತ್ತಲು. ಅಂಕಿ ಓದಲು ಮೊಬೈಲಿನ ಟಾರ್ಚ್ ಹಾಕಿದೆ. ಬೆಳಕು ಗಾಜಿನ ಪಕ್ಕದಿಂದ, ಮೇಲಿನಿಂದ ಕೆಳಕ್ಕೆ ಓರೆಯಾಗಿ ಬಿತ್ತು. ಆ ಬೆಳಕಿನೊಳಗೆ ಕಚ್ಚುಬಾಲ ನಿದ್ದೆಗಣ್ಣಿನಲ್ಲಿ ತೇಲಿ ಬಂತು.

ಅದರ ತಲೆಯ ಹಿಂದೆ, ಬೆನ್ನಿನ ರೆಕ್ಕೆಯವರೆಗೂ, ಅಕ್ಕಸಾಲಿಗನ ಅರದಿಂದ ಉದುರಿದಂಥ ಚಿನ್ನದ ಪುಡಿ. ಎಷ್ಟು ನುಣುಪೆಂದರೆ ಕಣಗಳು ಬಿಡಿಯಾಗಿ ಕಾಣುತ್ತಿರಲಿಲ್ಲ, ಮಂಕಾದ ಹಳದಿ ಹೊಳಪೊಂದು ಚರ್ಮದ ಮೇಲೆ ಹರಡಿತ್ತು. ಪಾರದರ್ಶಕವಾದ ಬಾಲದ ಪೊರೆಯ ಮೇಲೆ ಮಾತ್ರ ಚುಕ್ಕೆಚುಕ್ಕೆಯಾಗಿ ತಿಳಿಯುತ್ತಿತ್ತು. ಟಾರ್ಚನ್ನು ನೇರಕ್ಕೆ ತಿರುಗಿಸಿದೆ, ಮಾಯ. ಓರೆ ಮಾಡಿದೆ, ಮತ್ತೆ ಬಂತು. ಹಾಗೆ ಓರೆ ಹಿಡಿದೇ ಉಳಿದವುಗಳನ್ನು ಒಂದೊಂದಾಗಿ ನೋಡಿದೆ. ಇನ್ನೂ ಮೂರರ ಹೆಗಲ ಮೇಲೆ ಅದೇ ಧೂಳು. ಅವು ಮೂರೂ ಅಂದು ಸಂಜೆ ಹೊಟ್ಟೆತುಂಬ ತಿಂದಿದ್ದವು, ಗುಂಪಿನಲ್ಲೇ ಈಜಿದ್ದವು.

ವೆಲ್ವೆಟ್. ಹೆಸರು ಕೇಳಿ ಗೊತ್ತಿತ್ತು, ಕಣ್ಣಾರೆ ಕಂಡಿರಲಿಲ್ಲ. ಇದೂ ಏಕಕೋಶದ ಪರಾವಲಂಬಿಯೇ, ಇಕ್‌ನಂತೆಯೇ ಇದೂ ಮೀನಿನಿಂದ ಉದುರಿ, ಒಡೆದು, ಮರಿಗಳಾಗಿ ಈಜಿ ಬರುತ್ತದೆ. ಆದರೆ ಇಕ್‌ನ ಚುಕ್ಕೆ ಹೆಚ್ಚೆಂದರೆ ಒಂದು ಮಿಲಿಮೀಟರ್ ತನಕ ಬೆಳೆದು ಎದ್ದು ಕಾಣುತ್ತದೆ, ಇದು ಅದಕ್ಕಿಂತ ಬಹಳ ಚಿಕ್ಕದು. ಮೊದಲು ಕಿವಿರಿಗೆ ಅಂಟಿಕೊಳ್ಳುತ್ತದೆ, ಮೈ ಮೇಲೆ ಕಾಣುವ ಮುಂಚೆಯೇ ಉಸಿರು ಕಟ್ಟಿಸುತ್ತದೆ. 38ರ ಲೆಕ್ಕಕ್ಕೆ ಉತ್ತರ ಸಿಕ್ಕಿತು. ಇನ್ನೊಂದು ವಿಚಿತ್ರವೆಂದರೆ ಇದರೊಳಗೆ ಗಿಡಗಳಲ್ಲಿರುವಂತೆ ಹಸಿರು ಪತ್ರಹರಿತ್ತು ಇರುತ್ತದೆ. ಮೀನಿನ ಮೈಯನ್ನು ತಿನ್ನುವುದರ ಜೊತೆಗೆ ಬೆಳಕನ್ನೂ ಉಣ್ಣುತ್ತದೆ. ನಾನು ಮೀನುಗಳಿಗೆ ಹಿತವಾಗಲೆಂದು ತೊಟ್ಟಿಯನ್ನು ಕಿಟಕಿಯ ಪಕ್ಕದಲ್ಲಿಟ್ಟಿದ್ದೆ.

ಅದೇ ರಾತ್ರಿ ತೊಟ್ಟಿಗೆ ಕಪ್ಪು ಬಟ್ಟೆ ಹೊದಿಸಿದೆ. ಶಾಖವನ್ನು 25ರಿಂದ 28 ಡಿಗ್ರಿಗೆ ಒಂದು ದಿನವಿಡೀ ನಿಧಾನವಾಗಿ ಏರಿಸಿದೆ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದಾದ್ದರಿಂದ ನೀರಿಗೆ ಗಾಳಿಯ ಗುಳ್ಳೆ ಬಿಡುವ ಗಾಳಿಕಲ್ಲೊಂದನ್ನು ಇಳಿಸಿದೆ. ಬೆಳಿಗ್ಗೆ ತಾಮ್ರದ ಅಂಶವಿರುವ ಮದ್ದು ತಂದೆ. ಹಾಕುವ ಮುಂಚೆ ಅಳತೆಪಟ್ಟಿ ಹಿಡಿದು ನೀರಿನ ಉದ್ದ, ಅಗಲ, ಎತ್ತರ ಅಳೆದೆ. 40 ಲೀಟರಿನ ತೊಟ್ಟಿಯಲ್ಲಿ ನಿಜವಾಗಿ ಇದ್ದ ನೀರು 34 ಲೀಟರ್. ತೊಟ್ಟಿಯ ಹೆಸರು ನಂಬಿ ಹಾಕಿದ್ದರೆ ಮದ್ದೇ ವಿಷವಾಗುವ ಸಾಧ್ಯತೆಯಿತ್ತು, ಅದರಲ್ಲೂ ಮೆದು ನೀರಿನಲ್ಲಿ ತಾಮ್ರದ ಕಾರ ಹೆಚ್ಚು. ಇಂಥ ಹೊತ್ತಿನಲ್ಲಿ ಮನೆಯಲ್ಲಿರುವ ಎಲ್ಲ ಬಾಟಲಿಗಳನ್ನೂ ಒಟ್ಟಿಗೆ ಬಗ್ಗಿಸುವ ಆಸೆ ಬರುತ್ತದೆ. ಬಗ್ಗಿಸಲಿಲ್ಲ.

ಮದ್ದಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಾಗ ಹೊಟ್ಟೆಯಲ್ಲಿ ಕಲ್ಲು ಬಿದ್ದಂತಾಯಿತು. ಥರ್ಮಾಮೀಟರ್! ಬಲೆಗೆ ಕೆಂಪು ಟೇಪ್, ಬಕೆಟ್ಟಿಗೆ ಕೆಂಪು ಟೇಪ್, ಥರ್ಮಾಮೀಟರಿಗೆ ಇಲ್ಲ. ಮನೆಯಲ್ಲಿ ಇದ್ದದ್ದೇ ಒಂದು. ಒಂಬತ್ತು ದಿನಗಳಲ್ಲಿ ಅದನ್ನು ಕನಿಷ್ಠ ಆರು ಸಲ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ, ಒರೆಸದೆ ಸಾಗಿಸಿದ್ದೆ. ಈಜುವ ಮರಿ ಬದುಕುವುದಕ್ಕೆ ಒಂದು ಹನಿ ನೀರು ಸಾಕು. ಅಂದಿನಿಂದ ಎರಡು ವಾರ, ದಿನಾ ರಾತ್ರಿ, ಮನೆಯವರು ಮಲಗಿದ ಮೇಲೆ ದೊಡ್ಡ ತೊಟ್ಟಿಯ ಮುಂದೆ ಮಂಡಿಯೂರಿ ಟಾರ್ಚ್ ಓರೆ ಹಿಡಿದು ಕೂತೆ. ಒಂದು ರಾತ್ರಿ ನೀರು ಕುಡಿಯಲು ಎದ್ದ ಹೆಂಡತಿ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹೋದಳು. ದೊಡ್ಡ ತೊಟ್ಟಿಯಲ್ಲಿ ಧೂಳು ಕಾಣಲಿಲ್ಲ. ಅದು ನನ್ನ ಜಾಣತನವಲ್ಲ.

ಕಚ್ಚುಬಾಲ ಹನ್ನೊಂದನೇ ದಿನ ಸತ್ತಿತು. ಆಹಾರ ಹಾಕಲು ಬಟ್ಟೆ ಸರಿಸಿದಾಗ ಸ್ಪಂಜಿಗೆ ಒರಗಿಕೊಂಡಿತ್ತು, ಕಿವಿರು ಅಗಲವಾಗಿ ತೆರೆದಿತ್ತು. ಧೂಳು ಕಂಡಿದ್ದ ಇನ್ನೊಂದು ಮರುದಿನ ಹೋಯಿತು. ಉಳಿದೆರಡರ ಮೈ ಹದಿನಾರನೇ ದಿನದ ಹೊತ್ತಿಗೆ ತಿಳಿಯಾಯಿತು, ಆದರೆ ಉದುರಿದ ಚುಕ್ಕೆಗೆ ಹಿಗ್ಗಿದವನ ಗತಿ ನನಗೆ ನೆನಪಿತ್ತು. ಮದ್ದನ್ನು ಇಪ್ಪತ್ತಮೂರನೇ ದಿನದವರೆಗೂ ಬಿಡಲಿಲ್ಲ. ಅಲ್ಲಿಂದ ನಾಲ್ಕು ವಾರಗಳ ಲೆಕ್ಕವನ್ನು ಮತ್ತೆ ಒಂದರಿಂದ ಶುರುಮಾಡಿದೆ.

ಐವತ್ತೊಂದನೇ ದಿನ ಸಂಜೆ ಹತ್ತನ್ನೂ ದೊಡ್ಡ ತೊಟ್ಟಿಗೆ ಬಿಟ್ಟೆ. ಗಿಡಗಳ ನಡುವೆ ಒಂದು ಸುತ್ತು ಹಾಕಿ, ಹಳೆಯ ಮೀನುಗಳನ್ನು ಮೂಸಿ, ಬಲಮೂಲೆಯ ದಿಮ್ಮಿಯ ಕೆಳಗೆ ಗುಂಪಾದವು. ಥರ್ಮಾಮೀಟರ್ ಈಗ ಎರಡಿವೆ, ಒಂದರ ವೈರಿಗೆ ಕೆಂಪು ಟೇಪ್. ರಾತ್ರಿ ದೀಪ ಆರಿದ ಮೇಲೆ ಟಾರ್ಚ್ ತೆಗೆದುಕೊಂಡು ಹೋದೆ. ಬೆಳಕು ಓರೆಯಾಗಿ ದಿಮ್ಮಿಯ ಕೆಳಗೆ ನುಸುಳಿತು. ಹತ್ತೂ ನಿದ್ದೆಯಲ್ಲಿದ್ದವು, ಬಣ್ಣ ಕಳಚಿಟ್ಟು.