ಎಕ್ಸ್‌ಟೆನ್ಶನ್ ಬದಲಾದ ಫೈಲ್‌ಗಳನ್ನು ಅಳಿಸಬೇಡಿ

ಮಡಿಕೇರಿಯಲ್ಲಿ ಕಂಪ್ಯೂಟರ್ ದುರಸ್ತಿ ಮಾಡುವ ನನ್ನ ಬಳಿಗೆ, ಸಿದ್ದಾಪುರದ ಕಡೆಯ ಕಾಫಿ ತೋಟವೊಂದರ ಲೆಕ್ಕ ಬರೆಯುವ ರೈಟರ್ ತಮ್ಮ ಕಚೇರಿಯ ಕಂಪ್ಯೂಟರನ್ನು ತಂದಿದ್ದರು. ಕಾರ್ಮಿಕರ ಹಾಜರಿ-ಕೂಲಿ ಬರೆಯುವ ಚೆಕ್‌ರೋಲ್, ಕಾಳುಮೆಣಸಿನ ಮಾರಾಟದ ಲೆಕ್ಕ, ಗೊಬ್ಬರದ ಬಿಲ್ಲು ಹೀಗೆ ಪ್ರತಿಯೊಂದು ಫೈಲಿನ ಹೆಸರಿನ ಕೊನೆಗೂ ಚುಕ್ಕಿಯ ನಂತರ ನಾಲ್ಕು ಅಕ್ಷರಗಳ ಅಪರಿಚಿತ ಬಾಲ, ಅಂದರೆ ಎಕ್ಸ್‌ಟೆನ್ಶನ್ ಅಂಟಿಕೊಂಡಿತ್ತು. ಫೋಲ್ಡರುಗಳಲ್ಲಿ ‘ರೀಡ್‌ಮಿ’ ಎಂಬ ಪತ್ರವಿದ್ದು, 980 ಡಾಲರ್ ಕೊಡಬೇಕೆಂದೂ 72 ಗಂಟೆಯೊಳಗೆ ಸಂಪರ್ಕಿಸಿದರೆ 490 ಸಾಕೆಂದೂ ಬರೆದಿತ್ತು. ಇದು ಫೈಲ್‌ಗಳನ್ನು ಲಾಕ್ ಮಾಡಿ ಬಿಡಿಸಲು ಹಣ ಕೇಳುವ, ಸ್ಟಾಪ್ ಡಿಜೆವಿಯು ಕುಟುಂಬದ ರ‍್ಯಾನ್ಸಮ್‌ವೇರ್. ಹೆಚ್ಚಾಗಿ ಹಣ ಕೊಡದೆ ಬಳಸಲೆಂದು ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್‌ನ ಜೊತೆಯಲ್ಲೇ ಒಳಗೆ ಬರುತ್ತದೆ.

ರೈಟರ್ ಕೆಲವು ಫೈಲ್‌ಗಳ ಹೆಸರನ್ನು ಮೊದಲಿನಂತೆ ತಿದ್ದಿ ನೋಡಿದ್ದರು, ಎಕ್ಸೆಲ್ ಅವನ್ನು ತೆರೆಯಲಿಲ್ಲ. ಹಾನಿಯಾಗಿರುವುದು ಹೆಸರಿಗಲ್ಲ, ಒಳಗಿನ ದತ್ತಾಂಶಕ್ಕೆ. ಈ ರ‍್ಯಾನ್ಸಮ್‌ವೇರ್ ಪ್ರತಿ ಫೈಲಿನ ಮೊದಲ ಸುಮಾರು 150 ಕೆಬಿಯನ್ನು ಮಾತ್ರ ಗೂಢಲಿಪಿಗೆ ತಿರುಗಿಸುವುದರಿಂದ ದೊಡ್ಡ ವಿಡಿಯೋಗಳಲ್ಲಿ ಬಹುಭಾಗ ಹಾಗೆಯೇ ಉಳಿದಿರುತ್ತದೆ. ಆದರೆ ಚೆಕ್‌ರೋಲಿನಂಥ ಚಿಕ್ಕ ಫೈಲ್ ಪೂರ್ತಿಯಾಗಿ ಹೋಗಿಬಿಡುತ್ತದೆ.

ಅಷ್ಟಾದರೂ ಆ ಎಕ್ಸ್‌ಟೆನ್ಶನ್ ನಮಗೆ ಬಹಳ ಬೆಲೆಯ ಸುಳಿವು, ಏಕೆಂದರೆ ದಾಳಿ ಮಾಡಿದ್ದು ಯಾವ ತಳಿ ಎಂಬುದನ್ನು ಅದರಿಂದ ಗುರುತಿಸಬಹುದು. ಇನ್ನೊಂದು ಸುಳಿವು ಪತ್ರದ ಕೊನೆಯಲ್ಲಿರುವ ಐಡಿ. ಅದು ‘ಟಿ1’ ಎಂದು ಮುಗಿದರೆ, ದಾಳಿಕೋರರ ಸರ್ವರ್ ಸಿಗದೆ ಲಾಕ್ ಬಿಡಿಸುವ, ಆ ತಳಿಗೆಲ್ಲ ಒಂದೇ ಆದ ಆಫ್‌ಲೈನ್ ಕೀ ಬಳಕೆಯಾಗಿದೆ ಎಂದರ್ಥ. ಅಂಥ ಕೀ ಸಿಕ್ಕಿದ ತಳಿಗಳಿಗೆ ಕಂಪ್ಯೂಟರ್ ಭದ್ರತಾ ಸಂಸ್ಥೆ ಎಮ್ಸಿಸಾಫ್ಟ್‌ನ ಫೈಲ್ ಬಿಡಿಸುವ ಉಚಿತ ತಂತ್ರಾಂಶ (ಡಿಕ್ರಿಪ್ಟರ್) ಕೆಲಸ ಮಾಡುತ್ತದೆ. ಆನ್‌ಲೈನ್ ಕೀ ಆಗಿದ್ದರೆ ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಕೀ ಇರುವುದರಿಂದ ಆ ದಾರಿ ಬಹುಮಟ್ಟಿಗೆ ಮುಚ್ಚಿದಂತೆಯೇ.

ಈ ಕಂಪ್ಯೂಟರಿನ ಐಡಿ ‘ಟಿ1’ ಎಂದೇ ಮುಗಿದಿತ್ತು, ಆದರೆ ಆ ತಳಿಯ ಕೀ ಆಗ ಸಿಕ್ಕಿರಲಿಲ್ಲ. ಮುಂದೆ ಸಿಕ್ಕಬಹುದೆಂದೇ ಫಾರ್ಮ್ಯಾಟ್ ಮಾಡದೆ ಹಳೆಯ ಡಿಸ್ಕನ್ನು ಪತ್ರದ ಸಮೇತ ತೆಗೆದಿರಿಸಿ, ಹೊಸ ಡಿಸ್ಕಿಗೆ ವಿಂಡೋಸ್ ಹಾಕಿಕೊಟ್ಟೆ. ಇದರ ಜೊತೆಗೆ ಪಾಸ್‌ವರ್ಡ್ ಕದಿಯುವ ತಂತ್ರಾಂಶವೂ ಬರುವುದುಂಟಾದ್ದರಿಂದ, ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಬೇರೊಂದು ಕಂಪ್ಯೂಟರಿನಿಂದ ಅಂದೇ ಬದಲಿಸಿದೆವು. ಸೈಬರ್ ಅಪರಾಧದ 1930 ಸಂಖ್ಯೆಗೂ ದೂರು ಕೊಡಿಸಿದೆ.

ಬ್ಯಾಕಪ್ ಇರಲಿಲ್ಲವೆಂದಲ್ಲ. ಅದಿದ್ದ ಹಾರ್ಡ್ ಡಿಸ್ಕನ್ನು ಸದಾ ಕಂಪ್ಯೂಟರಿಗೆ ಜೋಡಿಸಿಯೇ ಇಟ್ಟಿದ್ದರಿಂದ ಅದರ ಫೈಲ್‌ಗಳೂ ಲಾಕ್ ಆಗಿದ್ದವು. ಈಗ ರೈಟರ್ ಬಟವಾಡೆ ಮುಗಿದ ಸಂಜೆ ನಕಲು ತೆಗೆದ ಕೂಡಲೇ ಡಿಸ್ಕನ್ನು ಕಳಚಿ ಬೀರುವಿನಲ್ಲಿ ಇಡುತ್ತಾರೆ. ಚೆಕ್‌ರೋಲಿನ ಕಾಗದದ ಪುಸ್ತಕವನ್ನೂ ಮತ್ತೆ ಬರೆಯತೊಡಗಿದ್ದಾರೆ.