ಹುಲ್ಲು ಒಂದು ಕಡೆ, ನೀರು ಇನ್ನೊಂದು ಕಡೆ

ಜಗಳೂರಲ್ಲಿ ಮಳೆ ಬರುವುದೇ ಅಪರೂಪ. ಬಂದರೆ ನಮ್ಮ ಇನ್‌ಸ್ಪೆಕ್ಷನ್ ದಿನವೇ ಬರಬೇಕಾ?

ಜಲಾನಯನ ಕಾಮಗಾರಿಯಲ್ಲಿ ಹಳ್ಳದ ದಂಡೆಗೆ ಲಾವಂಚದ ಹುಲ್ಲು, ಅದರ ಹಿಂದೆ ಹೊಂಗೆ ಹಾಕಿದ್ದೆವು. ಮೆಕ್ಕೆಜೋಳದ ಹೊಲದ ಮಣ್ಣು, ಗೊಬ್ಬರ ಹಳ್ಳಕ್ಕೆ ಇಳಿಯಬಾರದು ಅಂತ. ಜಿಯೋಟ್ಯಾಗ್ ಫೋಟೊ ಆಗಿತ್ತು, ಕೆಲಸದ ಅಳತೆ ಪುಸ್ತಕ ಎಂಬಿ ಬರೆದಾಗಿತ್ತು. ಸಾಹೇಬರು ನೋಡಿ ಹೋಗುವುದಷ್ಟೇ ಬಾಕಿ.

ಜೀಪು ಇಳಿಯುವ ಹೊತ್ತಿಗೆ ಮಳೆ ಹಿಡಿಯಿತು. "ಗಿಡ ಚೆನ್ನಾಗಿ ಬಂದಿದಾವಲ್ರೀ" ಅಂದರು ಸಾಹೇಬರು. ಹೊಲದ ಯಜಮಾನರು ಗೊಬ್ಬರ ಚೀಲದ ಕೊಪ್ಪೆ ಹಾಕಿಕೊಂಡು ನಿಂತಿದ್ದರು. "ಹುಲ್ಲು ಚಲೋ ಐತ್ರಿ ಸಾರ್. ನೀರು ಮಾತ್ರ ಅಲ್ಲಿಗೆ ಬರಲ್ಲ. ಇತ್ಲಾಗ್ ಬರ್ರಿ."

ಹೋದೆವು. ಇಳಿಜಾರಿನ ನೀರೆಲ್ಲ ಬಂಡಿ ಜಾಡಿಗೆ ಸೇರಿ, ಬಂಡಿ ದಾಟಲು ನಾವೇ ಬಿಟ್ಟಿದ್ದ ಗಂಡಿಯಲ್ಲಿ ಕೆಂಪಗೆ ದಬದಬ ಹಳ್ಳಕ್ಕೆ ಬೀಳುತ್ತಿತ್ತು. ಹತ್ತು ಹೆಜ್ಜೆ ಆಚೆ ಲಾವಂಚದ ಬುಡದಲ್ಲಿ ಒಂದು ಕಸ ಕಡ್ಡಿ ಸಹ ಸಿಕ್ಕಿಕೊಂಡಿರಲಿಲ್ಲ. "ಮೊನ್ನೆನೇ ಯೂರಿಯಾ ಹಾಕಿದ್ದೆ. ಅದೂ ಇದ್ರಾಗೇ ಹೊಂಟೈತಿ" ಅಂದರು ಯಜಮಾನರು.

ಯಾರೂ ಮಾತಾಡಲಿಲ್ಲ. ಜೂನಿಯರ್ ಎಂಜಿನಿಯರ್ ಕನ್ನಡಕ ಒರೆಸತೊಡಗಿದರು, ಆ ಮಳೆಯಲ್ಲಿ! "ಡಿಪಿಆರ್ ಯಾರ್ರೀ ಮಾಡಿದ್ದು?" ಅಂತ ಸಾಹೇಬರು ನನ್ನನ್ನೇ ಕೇಳಿದರು. ಡಿಪಿಆರ್ ಅಂದರೆ ಕಾಮಗಾರಿಯ ವಿವರವಾದ ಯೋಜನಾ ವರದಿ. ನಕ್ಷೆ ನೋಡಿ ಕೂತಲ್ಲೇ ಗೆರೆ ಎಳೆದವರು ಯಾರು ಅಂತ ಅವರಿಗೂ ಗೊತ್ತು. ನಾನು ಸುಮ್ನೆ ಹಳ್ಳ ನೋಡುತ್ತಾ ನಿಂತೆ.

ಗೊಬ್ಬರದಲ್ಲಿರುವ ರಂಜಕ ಮಣ್ಣಿಗೆ ಅಂಟಿಕೊಂಡು ಬರುತ್ತದೆ. ನೀರು ಹುಲ್ಲಿನಲ್ಲಿ ನಿಧಾನವಾದರೆ ಮಣ್ಣು ಕೂರುತ್ತದೆ, ಅದೂ ಅಲ್ಲೇ ಉಳಿಯುತ್ತದೆ. ಸಾರಜನಕದ್ದು ಬೇರೆ ಕತೆ. ನೈಟ್ರೇಟು ಅಂದರೆ ಸಾರಜನಕದ ಕರಗುವ ರೂಪ. ನೀರಲ್ಲಿ ಕರಗಿದ ಅದು ನೆಲಕ್ಕೆ ಇಂಗಿ ಬೇರಿಗೆ ಸಿಗಬೇಕು, ಇಲ್ಲವೇ ದಂಡೆಯ ಹಸಿ ಮಣ್ಣಿನ ಸೂಕ್ಷ್ಮಾಣುಗಳು ಅದನ್ನು ಅನಿಲ ಮಾಡಿ ಗಾಳಿಗೆ ಬಿಡಬೇಕು. ಎರಡಕ್ಕೂ ನೀರು ಹರಡಿಕೊಂಡು ನಿಧಾನ ಬರಬೇಕು ಅಲ್ವಾ? ಜಾಡು ಹಿಡಿದು ಓಡುವ ನೀರಿಗೆ ಹುಲ್ಲಿನ ಪಟ್ಟಿ ಎಷ್ಟು ಅಗಲ ಇದ್ದರೂ ಅಷ್ಟೇ.

ಈಗ ಹೊಸ ಹುಡುಗರಿಗೆ ಹೇಳುವುದು ಇಷ್ಟೇ. ಗಿಡ ಬೇಕೆಂದು ಇಂಡೆಂಟ್ ಹಾಕುವ ಮುಂಚೆ ಮಳೆಯಲ್ಲಿ ಹೊಲ ಸುತ್ತಿ. ಮಳೆ ಸಿಗದಿದ್ದರೆ ಕೊರಕಲು ಹುಡುಕಿ, ಬಂಡಿ ಜಾಡು ನೋಡಿ, ಹೊಲದವರನ್ನು ಕೇಳಿ.

ಜಾಡಿಗೆ ಅಡ್ಡ ಒಂದು ಸಣ್ಣ ಬದು ಹಾಕಿ, ನೀರನ್ನು ಹುಲ್ಲಿನ ಮೇಲ್ಗಡೆ ಹರಡಿದರೆ ಮುಗಿಯುತ್ತಿತ್ತು. ಡಿಪಿಆರ್‌ನಲ್ಲಿ ಇಲ್ಲದ ಕೆಲಸಕ್ಕೆ ಬಿಲ್ ಆಗಲ್ಲ ಅಂದರು. ರಿವೈಸ್ಡ್ ಎಸ್ಟಿಮೇಟ್ ಇನ್ನೂ ಟೇಬಲ್ ಮೇಲಿದೆ. ಯಜಮಾನರು ಕಾಯಲಿಲ್ಲ, ಹೊಲದ ಕಲ್ಲನ್ನೇ ಆಯ್ದು ತಂದು ಅಡ್ಡ ಜೋಡಿಸಿಕೊಂಡರು.